ಆಪರೇಷನ್ ಆದಮೇಲೆ ಮುದ್ದೆ ಯಾವಾಗ?

ತೂಕ ಇಳಿಸುವ ಆಪರೇಷನ್‌ಗೆ ಬರುವ ಹದಿಹರೆಯದವರಿಗೆ ಊಟದ ದಾರಿ ಹೇಳಿಕೊಡುವುದು ನನ್ನ ಕೆಲಸ. ನಾನು ಬೆಂಗಳೂರಿನಲ್ಲಿ ಡಯಟಿಷಿಯನ್. ಸುಮ್ನೆ ದಪ್ಪಗಿದ್ದಾರೆ ಅಂತ ಯಾರಿಗೂ ಈ ಆಪರೇಷನ್ ಮಾಡುವುದಿಲ್ಲ. ಬೊಜ್ಜು ತೀವ್ರವಾಗಿರಬೇಕು. ಹೆಚ್ಚಿನವರಿಗೆ ಆಗಲೇ ಸಕ್ಕರೆ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೋ ಶುರುವಾಗಿರುತ್ತದೆ.

ಮೊದಲ ಭೇಟಿಯಲ್ಲಿ ನಾನು ಮಗುವನ್ನು ಕೇಳಿದ್ದಕ್ಕೆಲ್ಲ ತಾಯಿಯೇ ಉತ್ತರ ಕೊಡುತ್ತಾರೆ. "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ" ಅನ್ನುತ್ತೇನೆ. ಬಾಗಿಲು ಮುಚ್ಚಿದ ಮೇಲೆಯೇ ಟ್ಯೂಷನ್ ಮುಗಿಸಿ ತಿನ್ನುವ ಪಫ್ಸ್, ರಾತ್ರಿ ಕದ್ದು ತಿನ್ನುವ ಬಿಸ್ಕೆಟ್ ಎಲ್ಲ ಹೊರಗೆ ಬರುವುದು. ಆಪರೇಷನ್ ಯಾರಿಗೆ ಬೇಕಾಗಿದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ. "ಮುಂದೆ ಗಂಡು ಸಿಗಲ್ಲ ಅಂತ ಅತ್ತೆ ಹೇಳಿದ್ರು" ಅಂತ ಹುಡುಗಿ ಅಂದರೆ, ನಾನು ಸರ್ಜನ್‌ಗೆ "ಸ್ವಲ್ಪ ತಡೆಯೋಣ" ಅನ್ನುತ್ತೇನೆ. ಈ ಆಪರೇಷನ್‌ನ ಒಂದು ಬಗೆಯಾದ ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಗಾತ್ರದ ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸಲು ಆಗಲ್ಲ ಅಲ್ವಾ?

ಆಮೇಲೆ ಎರಡು ವಾರ ಬರೀ ದ್ರವ: ಬೇಳೆಕಟ್ಟು, ನೀರು ಮಜ್ಜಿಗೆ, ಪ್ರೋಟೀನ್ ಪುಡಿ. ನಂತರ ನುಣ್ಣಗೆ ಹಿಸುಕಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಮಂಡ್ಯ ಕಡೆಯ ಅಜ್ಜಿಯೊಬ್ಬರು "ಮುದ್ದೆ ಇಲ್ದೆ ಮಗ ಹೆಂಗವ್ವಾ ಇರ್ತಾನೆ?" ಅಂತ ಜಗಳಕ್ಕೇ ಬಂದಿದ್ದರು. ರಾಗಿ ಬೇಡ ಅಂತ ನಾನು ಹೇಳಿರಲಿಲ್ಲ. ಆದರೆ ಮುದ್ದೆಯನ್ನು ಯಾರು ಅಗಿಯುತ್ತಾರೆ? ನುಂಗುವುದೇ ಅದರ ಕ್ರಮ. ಹೊಸ ಹೊಟ್ಟೆಗೆ ನುಂಗಿದ ತುತ್ತು ಆಗಿಬರುವುದಿಲ್ಲ, ಸಿಕ್ಕಿಕೊಂಡು ವಾಂತಿಯಾಗುತ್ತದೆ. ಅದಕ್ಕೇ ಗಂಟಿಲ್ಲದ ತೆಳು ಅಂಬಲಿ ಮಾಡಿಸಿದೆ, ಟೀ ಚಮಚದಲ್ಲಿ ಕುಡಿಸಿದೆ. ತಿಂಗಳುಗಳಾದ ಮೇಲೆ ಗೋಲಿಯಷ್ಟು ಮುದ್ದೆ, ಅದೂ ಅಗಿದೇ. ಅಜ್ಜಿಗೆ ಅದು ಊಟ ಅಂತಲೇ ಅನಿಸಲಿಲ್ಲ, ಬಿಡಿ.

ನನಗೆ ಊಟಕ್ಕಿಂತ ಮಾತ್ರೆಯದೇ ಜಾಸ್ತಿ ಚಿಂತೆ. ತೂಕ ಇಳಿಸುವ ಆಪರೇಷನ್ ಆದ ಹದಿಹರೆಯದವರ ಮೇಲೆ ನಡೆದ ಅಮೆರಿಕದ ಟೀನ್-ಲ್ಯಾಬ್ಸ್ ಅಧ್ಯಯನದ ಮಕ್ಕಳು ಮೂರು ವರ್ಷದಲ್ಲಿ ಸರಾಸರಿ 27% ತೂಕ ಇಳಿದಿದ್ದರು. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಾಗಿತ್ತು. ವಿಟಮಿನ್ ಜೀವನಪೂರ್ತಿ ಬೇಕು. ಜೀನ್ಸ್ ಸಡಿಲವಾದ ಖುಷಿಯಲ್ಲಿ ಹುಡುಗರು ಡಬ್ಬಿಯನ್ನೇ ಮರೆಯುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬೇಕು. ಫೋನಿನಲ್ಲಿ ಎರಡು ಅಲಾರಂಗಳನ್ನು ನನ್ನ ಎದುರೇ ಇಡಿಸುತ್ತೇನೆ. ಹಾಸ್ಟೆಲ್‌ಗೆ ಹೋಗುವವರಿಗೆ ಇನ್ನೊಂದು ಮಾತು: ವಾಂತಿ ನಿಲ್ಲದಿದ್ದರೆ "ಪರೀಕ್ಷೆ ಮುಗೀಲಿ" ಅಂತ ಕಾಯಬೇಡಿ. ವಾಂತಿಯಿಂದ ವಿಟಮಿನ್ ಬಿ1 ಕೊರತೆಯಾದರೆ ನರಗಳಿಗೆ ಪೆಟ್ಟು ಬೀಳುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ.