ಅಶೋಕಕ್ಕೆ ನಾನು ಸುರಿದ ನೀರು

ವಿದ್ಯಾರಣ್ಯಪುರದ ನಮ್ಮ ಮನೆಯ ಹಿಂದೆ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ಹೂ ಬಿಡುವ ಮರ ಬೇಕು, ಆದರೆ ಟಬೂಬಿಯಾ, ಜಕರಂಡದ ಹಾಗೆ ಎಲೆಯೆಲ್ಲ ಉದುರಿಸಿಕೊಂಡು ಬೋಳಾಗಿ ನಿಲ್ಲಬಾರದು ಅನ್ನುವುದು ನನ್ನ ಹಟ. ನೆನಪಾಗಿದ್ದು ಅಶೋಕ. ಹತ್ತಿರದ ನರ್ಸರಿಗೆ ಹೋಗಿ ಕೇಳಿದರೆ ಅಪಾರ್ಟ್‌ಮೆಂಟ್ ಕಾಂಪೌಂಡುಗಳ ಉದ್ದಕ್ಕೂ ಸಾಲಾಗಿ ನಿಂತಿರುತ್ತಲ್ಲ, ಆ ಕಂಬದ ಮರದ ಗಿಡ ತಂದು ಮುಂದಿಟ್ಟರು. ಅಲೆ‌ಅಲೆ ಅಂಚಿನ ಒಂಟಿ ಎಲೆ ಅದರದ್ದು. ನಿಜವಾದ ಅಶೋಕದಲ್ಲಿ ಒಂದೇ ದಂಟಿಗೆ ನಾಲ್ಕೈದು ಜೊತೆ ಎಲೆ ಇರುತ್ತವೆ. ‘ಇದೂ ಅಶೋಕಾನೇ ಮೇಡಂ’ ಅಂದರು. ವಾದ ಮಾಡದೆ ವಾಪಸು ಬಂದೆ.

ಹೊಸನಗರದಲ್ಲಿ ಅಕ್ಕನ ತೋಟದ ಹಳ್ಳದ ಬದಿಯಲ್ಲಿ ಹಳೇ ಅಶೋಕ ಇದೆ. 2014ರ ಜುಲೈಯಲ್ಲಿ ಅಕ್ಕ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಅಡಿಕೆ ಹಾಳೆ ಕಟ್ಟಿ, ರಾತ್ರಿ ಬಸ್ಸಿಗೆ ಕಳಿಸಿದಳು. ‘ಒಣಗಿದ್ರೆ ಮುಗೀತು, ಬಂದ ದಿನವೇ ಹಾಕು’ ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದಳು. ಹನ್ನೊಂದು ಬೀಜದಲ್ಲಿ ಏಳು ಮೊಳೆತವು. ಬೆಳವಣಿಗೆ ಮಾತ್ರ ಬಸವನಹುಳುವಿನದು. ವರ್ಷವಾದರೂ ಒಂದಡಿ ದಾಟಲಿಲ್ಲ. ಚೆನ್ನಾಗಿದ್ದ ಒಂದನ್ನು ಇಟ್ಟುಕೊಂಡು ಉಳಿದವನ್ನು ಹಂಚಿದೆ.

2016ರ ಮಳೆಗಾಲದಲ್ಲಿ ನೆಲಕ್ಕೆ ಇಳಿಸಿದೆ. ಎರಡಡಿ ಗುಂಡಿ ತೆಗೆದು, ಸಗಣಿ ಗೊಬ್ಬರ ಹಾಕಿ ನೆಟ್ಟಿದ್ದಾಯಿತು. ಮೂರು ತಿಂಗಳಲ್ಲಿ ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಗೆ ತಿರುಗಿತು. ಬದಿಯಲ್ಲಿ ಕೆದಕಿ ನೋಡಿದರೆ ಮನೆ ಕಟ್ಟಿದಾಗಿನ ಗಾರೆ, ಸಿಮೆಂಟ್ ಚೂರು, ಜಲ್ಲಿ! ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಆ ಹಳದಿ. ಗಿಡವನ್ನು ಹೆಂಟೆ ಸಮೇತ ಎತ್ತಿ, ಮೂರಡಿ ಆಳದವರೆಗೆ ಕಸ ತೆಗೆಸಿ, ಕೆಮ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ ತುಂಬಿ ಮತ್ತೆ ನೆಟ್ಟೆ. ಬೆಂಗಳೂರಿನ ಸೈಟಿನಲ್ಲಿ ಮರ ನೆಡುವವರು ಮೊದಲು ಹಾರೆ ಹಿಡಿದು ಕೆಳಗೇನಿದೆ ಅಂತ ನೋಡಿಕೊಳ್ಳಿ. ಗೊಬ್ಬರದ ಮಾತು ಆಮೇಲೆ.

ನನ್ನ ದೊಡ್ಡ ತಪ್ಪು ನಡೆದದ್ದು ಮರುವರ್ಷ. ಒಂದು ಬೆಳಿಗ್ಗೆ ಕೊಂಬೆಯ ತುದಿಯಿಂದ ತಾಮ್ರ, ಗುಲಾಬಿ ಬಣ್ಣ ಕಲಸಿದಂಥ ಎಲೆಗಳ ಗೊಂಚಲು ಇಳಿಬಿದ್ದಿತ್ತು. ಹಿಂಡಿ ಒಣಗಲು ಹಾಕಿದ ರೇಷ್ಮೆ ಬಟ್ಟೆಯ ಹಾಗೆ, ಮುಟ್ಟಿದರೆ ಸತ್ವವೇ ಇಲ್ಲ. ಕುಂಡದಲ್ಲಿದ್ದಾಗ ಒಂದೊಂದೇ ಎಲೆ ಬರುತ್ತಿದ್ದರಿಂದ ಗಮನಿಸಿರಲಿಲ್ಲ. ‘ಪೂರ್ತಿ ಬಾಡಿದೆ ಕಣ್ರೀ’ ಅಂದರು ಪಕ್ಕದ ಮನೆಯವರು. ನಾನು ಪೈಪು ಹಿಡಿದೆ. ಬೆಳಿಗ್ಗೆ, ಸಂಜೆ, ಭಾನುವಾರ ಮಧ್ಯಾಹ್ನ ಕೂಡ. ಹದಿನೈದು ದಿನಕ್ಕೆ ಗೊಂಚಲು ನೆಟ್ಟಗಾಗಿ ಹಸಿರಾಯಿತು. ನೀರಿನ ಮಹಿಮೆ ಅಂದುಕೊಂಡೆ. ಮುಂದಿನ ಚಿಗುರಿಗೂ ಅದೇ ಉಪಚಾರ. ಮೂರನೆಯ ಸಲ ಕೆಳಗಿನ ಹಳೇ ಎಲೆಗಳ ಅಂಚು ಕಪ್ಪಾಗಿ ಉದುರತೊಡಗಿದವು. ಬುಡದ ಮಣ್ಣಿಗೆ ಕೊಳೆತ ವಾಸನೆ.

ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ನಕ್ಕಳು. ‘ಅದು ಇರೋದೇ ಹಾಗೆ ಮಾರಾಯ್ತಿ. ಮಾವಿನ ಕೆಂದಳಿರು ಜೋತು ಬೀಳಲ್ವಾ? ನೀನು ಅದನ್ನ ಮುಳುಗಿಸಿ ಕೊಲ್ತಿದೀಯ.’

ಎಳೆಯ ಎಲೆಯಲ್ಲಿ ಅದನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಗಟ್ಟಿ ನಾರು ಇನ್ನೂ ಬಲಿತಿರುವುದಿಲ್ಲ, ಪತ್ರಹರಿತ್ತೂ ತಡವಾಗಿ ತುಂಬುತ್ತದೆ. ಅಲ್ಲಿಯವರೆಗೆ ಕಾಣುವ ಕೆಂಪು, ಎಲೆಯಲ್ಲಿನ ಬಣ್ಣದ ಅಂಶವಾದ ಆಂಥೋಸಯಾನಿನ್‌ನದು. ಸುಡುವ ಬೆಳಕಿನಿಂದ ಎಳೆ ಎಲೆಯನ್ನು ಅದು ಕಾಯುತ್ತದೆ ಅನ್ನುತ್ತಾರೆ. ತಾಮ್ರದಿಂದ ನಸುಗೆಂಪು, ಆಮೇಲೆ ತಿಳಿಹಸಿರು, ಕೊನೆಗೆ ಕಡುಹಸಿರು: ಎರಡು, ಮೂರು ವಾರದ ಮೆರವಣಿಗೆ. ಹೂವಿಗಾಗಿ ನೆಟ್ಟ ನನಗೆ ಈಗ ಹೂವಿಗಿಂತ ಇದೇ ಇಷ್ಟ. ನೀರು ಬೇಕೋ ಬೇಡವೋ ಅಂತ ಈಗ ಎಲೆ ನೋಡುವುದಿಲ್ಲ, ಮಣ್ಣಿಗೆ ಬೆರಳು ಹಾಕುತ್ತೇನೆ. ಎರಡು ಇಂಚು ಕೆಳಗೆ ತೇವ ಇದ್ದರೆ ಪೈಪು ಮುಟ್ಟುವುದಿಲ್ಲ. ಹಳ್ಳದ ಪಕ್ಕ ಬೆಳೆಯುವ ಮರವಾದ್ದರಿಂದ ಒಣಗಲು ಬಿಡುವ ಹಾಗಿಲ್ಲ, ನಿಂತ ನೀರೂ ಆಗದು. ಬೀದಿ ಗುಡಿಸುವವರು ರಾಶಿ ಹಾಕಿದ ತರಗೆಲೆಯನ್ನು ಕೇಳಿ ತಂದು ಬುಡಕ್ಕೆ ನಾಲ್ಕಿಂಚು ಹೊದಿಸುತ್ತೇನೆ. ಪಕ್ಕದ ಮೂರಂತಸ್ತಿನ ಕಟ್ಟಡದಿಂದ ನಮಗೆ ಸಂಜೆ ಬಿಸಿಲಿಲ್ಲ ಅಂತ ಗೊಣಗುತ್ತಿದ್ದೆ. ಅಶೋಕಕ್ಕೆ ಆ ನೆರಳೇ ವರವಾಯಿತು.

2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತು. ಗಿಡಕ್ಕೆ ಕುಡಿಯುವ ನೀರು ಹಾಕಿದರೆ ಐದು ಸಾವಿರ ದಂಡ ಅಂತ ಜಲಮಂಡಳಿಯೂ ಹೇಳಿತ್ತು. ಆರ್‌ಒ ಫಿಲ್ಟರು ಬೇಡವೆಂದು ಹೊರಬಿಡುವ ನೀರು ಹಾಕಿದೆ. ಎಲೆಯ ತುದಿಗಳೆಲ್ಲ ಸುಟ್ಟವು, ಉಪ್ಪಿನಂಶ ಅದರಲ್ಲೇ ಜಾಸ್ತಿಯಲ್ಲವೇ. ಆಮೇಲೆ ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಮಳೆಯವರೆಗೆ ದೂಡಿದೆ.

ಹೂವಿನ ಕತೆ ಹೇಳಲೇಬೇಕು. ಹೆಂಗಸು ಗೆಜ್ಜೆಕಾಲಿನಿಂದ ಒದ್ದರೆ ಅಶೋಕ ಹೂ ಬಿಡುತ್ತದೆ ಅನ್ನುವುದು ಕವಿಸಮಯ. ಆರು ವರ್ಷ ಕಾದ ನಮ್ಮವರು ‘ಒಂದು ಸಲ ಒದ್ದೇ ನೋಡು’ ಅನ್ನತೊಡಗಿದ್ದರು. ನನ್ನ ಮಂಡಿನೋವು ಕವಿಗಳಿಗೇನು ಗೊತ್ತು! ಅಂತೂ 2022ರ ಫೆಬ್ರವರಿಯಲ್ಲಿ, ಒದೆ ಬೀಳದೆಯೇ, ಹಳೇ ಕೊಂಬೆಗೆ ಅಂಟಿಕೊಂಡ ಹಾಗೆ ಒಂದು ಗೊಂಚಲು ಬಂತು. ಮೊದಲು ಹಳದಿ ಕಿತ್ತಳೆ, ದಿನ ಕಳೆದಂತೆ ಕೆಂಪು. ನಾವು ಎಸಳು ಅಂದುಕೊಳ್ಳುವುದು ಅಸಲಿಗೆ ಪುಷ್ಪಪಾತ್ರೆ, ಅಂದರೆ ಬೇರೆ ಹೂಗಳಲ್ಲಿ ದಳದ ಕೆಳಗೆ ಹಸಿರಾಗಿರುವ ಭಾಗ. ಈ ಹೂವಿಗೆ ದಳಗಳೇ ಇಲ್ಲ. ರಾತ್ರಿ ಅಡುಗೆಮನೆ ಕಿಟಕಿ ತೆರೆದರೆ ನವಿರು ಪರಿಮಳ. ಹೂ ಬರುವುದು ಬಲಿತ ಕೊಂಬೆಯಲ್ಲೇ. ‘ಒಳಗಡೆ ಕ್ಲೀನ್ ಮಾಡ್ತೀನಿ’ ಅಂತ ಕತ್ತರಿ ಹಿಡಿದು ಬಂದ ಮಾಲಿಯನ್ನು ಆವತ್ತಿನಿಂದ ಮರದ ಹತ್ತಿರ ಬಿಡುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಮೊದಲ ಬಾರಿ ಕಾಯಿ ಕಟ್ಟಿತು, ಚಪ್ಪಟೆಯಾದ ಎರಡು ಕಾಯಿ. ಮಗಳ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಬೀಜಗಳನ್ನು ಸ್ಟೀಲ್ ಡಬ್ಬಿಗೆ ಹಾಕಿಟ್ಟು ಹೋದೆ. ತಿಂಗಳು ಬಿಟ್ಟು ಬಂದು ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ.