ಕರಡಿ ಕಾಡಿಗೆ ಯಾವ ಪಿಸ್ತೂಲು? ನಾನು .44 ಮಾರಿ 10 ಮಿ.ಮೀ. ಕೊಂಡ ಕತೆ

ನಾನು ಮೊದಲು ಕೊಂಡದ್ದು .44 ಮ್ಯಾಗ್ನಮ್ ರಿವಾಲ್ವರ್, ಅಂದರೆ ತಿರುಗುವ ಉರುಳೆಯಲ್ಲಿ ಆರು ಗುಂಡು ತುಂಬುವ ಕೈಬಂದೂಕು. .44 ಅನ್ನುವುದು ಗುಂಡಿನ ಅಡ್ಡಳತೆ, ಹೆಚ್ಚುಕಡಿಮೆ ಇಂಚಿನಲ್ಲಿ. ಒಂದೇ ಬೇಸಿಗೆ ಇಟ್ಟುಕೊಂಡು ಮಾರಿಬಿಟ್ಟೆ.

ಅಲಾಸ್ಕಾಗೆ ಬಂದ ಹೊಸದರಲ್ಲಿ ಎಚ್-1ಬಿ ವೀಸಾದಲ್ಲಿದ್ದೆ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ನಾನು ಆ ಗೋಜಿಗೆ ಹೋಗಲಿಲ್ಲ. ನಾಲ್ಕೈದು ವರ್ಷ ಬರೀ ಕರಡಿ ಸ್ಪ್ರೇ (ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇ) ಕಟ್ಟಿಕೊಂಡು ಅಲಾಸ್ಕಾದ ಕೀನಾಯ್ ಕಡೆ ಸಾಲ್ಮನ್ ಹಿಡಿಯಲು ಹೋಗುತ್ತಿದ್ದೆ. ಗ್ರೀನ್ ಕಾರ್ಡ್ ಬಂದ ಮೇಲೆ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ‘ಕಂದು ಕರಡಿಗಾ? ನಲವತ್ನಾಲ್ಕಕ್ಕಿಂತ ಕಡಿಮೆ ತಗೋಬೇಡಿ’ ಅಂದರು. ಮಾತು ಸರಿಯಾಗೇ ಕಂಡಿತು. ಕರಾವಳಿ ಕಡೆಯ ದೊಡ್ಡ ಗಂಡು ಕರಡಿ 450 ಕೆ.ಜಿ. ದಾಟಬಲ್ಲದು. .44 ಮ್ಯಾಗ್ನಮ್ 1955ರಿಂದ ಇರುವ ತೋಟಾ, ಇಲ್ಲಿನ ಹಳಬರ ಸೊಂಟದಲ್ಲೂ ಅದೇ. ಫಾರಂ ತುಂಬಿದೆ, ತಪಾಸಣೆ ಮುಗಿಯಿತು, ಮನೆಗೆ ತಂದೆ.

ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಏಳು ಮೀಟರ್ ದೂರಕ್ಕೆ ಊಟದ ಪೇಪರ್ ತಟ್ಟೆ ಅಂಟಿಸಿದೆ. ಮೊದಲ ಗುಂಡು ತಟ್ಟೆಯ ನಡುವೆ ಬಿತ್ತು. ಖುಷಿಯಾಯಿತು. ಎರಡನೆಯದು ತಟ್ಟೆಯ ಅಂಚಿಗೆ. ಉಳಿದ ನಾಲ್ಕು ಎಲ್ಲಿ ಹೋದವೋ! ಜೊತೆಗಿದ್ದ ಗೆಳೆಯ ಏನೂ ಹೇಳಲಿಲ್ಲ. ರಿವಾಲ್ವರ್ ಇಸಿದುಕೊಂಡು ನನಗೆ ಕಾಣದ ಹಾಗೆ ತುಂಬಿದ. ನಾಲ್ಕು ಜೀವಂತ ತೋಟಾ, ನಡುನಡುವೆ ಎರಡು ಹಾರಿಸಿದ ಖಾಲಿ ಕೊಳವೆ. ‘ಈಗ ಹೊಡಿ’ ಅಂದ. ಮೊದಲನೆಯದು ಢಮ್ ಅಂತು. ಎರಡನೆಯದಕ್ಕೆ ಟ್ರಿಗರ್ ಎಳೆದರೆ ಟಕ್ ಅಂತ ಸದ್ದು ಬಂತು, ಅಷ್ಟೇ. ಒದೆತವೇ ಇಲ್ಲ. ಆದರೂ ನಳಿಗೆಯ ಮೂತಿ ಮೂರು ಬೆರಳಷ್ಟು ಕೆಳಗೆ ಬಾಗಿತ್ತು. ಒದೆಯುತ್ತದೆ ಅಂತ ಹೆದರಿ ಕೈ ಮೊದಲೇ ತಳ್ಳುತ್ತಿತ್ತು. ನಾಚಿಕೆಯಾಯಿತು. ಆದರೆ ಆವತ್ತು ಆ ಟಕ್ ಕೇಳದೇ ಹೋಗಿದ್ದರೆ ಇವತ್ತಿಗೂ ಅದನ್ನೇ ಹೊತ್ತು ತಿರುಗುತ್ತಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಕಂದು ಕರಡಿ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಂದರೆ 30 ಮೀಟರ್ ದಾಟಲು ಎರಡೇ ಸೆಕೆಂಡ್. ಆ ಎರಡು ಸೆಕೆಂಡಿನಲ್ಲೇ ನೋಡಬೇಕು, ನಂಬಬೇಕು, ಹೊರಗೆಳೆಯಬೇಕು, ಹೊಡೆಯಬೇಕು. ನಂಬುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ, ಅಲ್ವಾ? .44ರಲ್ಲಿ ಒಂದು ಗುಂಡು ಹೊಡೆದು, ಮೇಲೆದ್ದ ನಳಿಗೆಯನ್ನು ಕೆಳಗಿಳಿಸಿ ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ನನ್ನ ಕತೆ ಮುಗಿದಿರುತ್ತದೆ. ತೋಟಾದ ಹೆಸರಿಗಿಂತ ಎರಡನೇ ಗುಂಡು ಎಲ್ಲಿ ಬೀಳುತ್ತದೆ ಅನ್ನುವುದೇ ನನಗೆ ಮುಖ್ಯವಾಯಿತು.

ಆಮೇಲೆ ಒಂದು ತಿಂಗಳು ಎರವಲು ತಂದು, ಬಾಡಿಗೆಗೆ ಪಡೆದು ಒಂದೊಂದನ್ನೇ ಹೊಡೆದು ನೋಡಿದೆ. .357 ಮ್ಯಾಗ್ನಮ್ ಇಷ್ಟವಾಯಿತು, ಒದೆತ ಎಷ್ಟೋ ಕಡಿಮೆ. ಆದರೆ ಅದರಲ್ಲೂ ಆರೇ ಗುಂಡು. .500 ಸ್ಮಿತ್ ಆಂಡ್ ವೆಸನ್ ಒಂದು ಸಲ ಹೊಡೆದೆ. ಸಾಕು. ಇವೆಲ್ಲಕ್ಕಿಂತ ಕಡಿಮೆ ಶಕ್ತಿಯ 9 ಮಿ.ಮೀ.ಯಲ್ಲೂ ಕರಡಿ ಸತ್ತದ್ದುಂಟು. 2016ರಲ್ಲಿ ಇಲ್ಲಿನ ಅನುಭವಿ ಗೈಡ್ ಒಬ್ಬರು ಮೀನು ಹಿಡಿಯಲು ಬಂದವರ ಮೇಲೆ ನುಗ್ಗಿದ ಕಂದು ಕರಡಿಯನ್ನು ಅದರಲ್ಲೇ ಕೆಡವಿದರು. ಅವರು ಜೀವನವಿಡೀ ಕರಡಿಗಳ ನಡುವೆ ಇದ್ದವರು. ನಾನು ಸಾಫ್ಟ್‌ವೇರ್ ಬರೆಯುವವನು.

ಕೊನೆಗೆ ಕೈಗೆ ಒಗ್ಗಿದ್ದು 10 ಮಿ.ಮೀ. ಆಟೋ. 1983ರಲ್ಲಿ ಬಂದ ತೋಟಾ ಇದು. ನನ್ನದು ಗ್ಲಾಕ್ 20 ಪಿಸ್ತೂಲು, ಉರುಳೆಯ ಬದಲು ಹಿಡಿಕೆಯೊಳಗೆ ಕೂರುವ ಮ್ಯಾಗಜೀನಿನಲ್ಲಿ 15 ಗುಂಡು. ಗ್ರೀನ್‌ಲ್ಯಾಂಡಿನಲ್ಲಿ ನಾಯಿಬಂಡಿ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಯ ಭಯಕ್ಕೆ ಇಟ್ಟುಕೊಳ್ಳುವುದೂ ಇದನ್ನೇ. ಕಾಗದದ ಮೇಲೆ ಶಕ್ತಿ ಕಡಿಮೆಯೇ. 240 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) .44 ಗುಂಡಿಗೆ ಹೆಚ್ಚುಕಡಿಮೆ ಸಾವಿರ ಅಡಿ-ಪೌಂಡ್ ಶಕ್ತಿ ಇದ್ದರೆ, 200 ಗ್ರೇನಿನ 10 ಮಿ.ಮೀ.ಗೆ ಆರುನೂರು ಚಿಲ್ಲರೆ. ಆದರೆ ಟೈಮರ್ ಇಟ್ಟು ಹೊಡೆದಾಗ ಇಟ್ಟ ಹೊತ್ತು ಮುಗಿಯುವ ಮೊದಲು ತಟ್ಟೆಯಲ್ಲಿ ಮೂರು ತೂತು ಬಿದ್ದಿದ್ದವು. .44ರಲ್ಲಿ ಒಂದೇ ಬೀಳುತ್ತಿತ್ತು.

ರಿವಾಲ್ವರಿನ ಪರವಾಗಿ ಒಂದು ಮಾತು ಹೇಳಲೇಬೇಕು. ಕರಡಿ ಮೈಮೇಲೆ ಬಿದ್ದಾಗ ಮೂತಿಯನ್ನು ಅದರ ಮೈಗೆ ಒತ್ತಿಯೇ ಹೊಡೆಯಬಹುದು. ಪಿಸ್ತೂಲಿನಲ್ಲಿ ಹಾಗೆ ಒತ್ತಿದರೆ ಅದರ ಮೇಲ್ಭಾಗದ ಜಾರುವ ಸ್ಲೈಡ್ ಹಿಂದೆ ಸರಿದು ಗುಂಡು ಹಾರದೇ ಹೋಗಬಹುದು. ಮಣಿಕಟ್ಟು ಸಡಿಲ ಬಿಟ್ಟರೂ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಒಂದೇ ಕೈಯಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಹೊಡೆದಾಗ ನನಗೂ ಒಮ್ಮೆ ಹಾಗಾಯಿತು. ತಪ್ಪು ನನ್ನದೇ. ಅದಕ್ಕೇ ಈಗ ಎಡಗೈ, ಬಲಗೈ ಎರಡರಲ್ಲೂ ಒಂಟಿಯಾಗಿ ಹೊಡೆದು ಅಭ್ಯಾಸ ಮಾಡುತ್ತೇನೆ.

ಜನ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ಬಗ್ಗೆ ಜಗಳವಾಡುವಷ್ಟು ಗುಂಡು ಎಂಥದ್ದು ಅನ್ನುವ ಬಗ್ಗೆ ಮಾತಾಡುವುದಿಲ್ಲ. ಮನುಷ್ಯರಿಂದ ರಕ್ಷಣೆಗೆ ಮಾರುವ ತೂತುಮೂತಿಯ ಗುಂಡು ಒಳಗೆ ಹೋದ ಕೂಡಲೇ ಹೂವಿನಂತೆ ಅರಳಿ ಬೇಗ ನಿಲ್ಲುತ್ತದೆ. ಕರಡಿಗೆ ಅದು ಬೇಡ. ದಪ್ಪ ತುಪ್ಪಳ, ಕೊಬ್ಬು, ಭುಜದ ಮಾಂಸಖಂಡ, ಮೂಳೆ ಎಲ್ಲ ದಾಟಿ ನೇರ ಒಳಗೆ ಹೋಗುವಂಥದ್ದು ಬೇಕು. ಅಂದರೆ ಅರಳದ, ಚಪ್ಪಟೆ ಮೂತಿಯ, ಗಟ್ಟಿ ಗುಂಡು. ಕರಡಿಯ ತಲೆಬುರುಡೆಯನ್ನು ಒಮ್ಮೆ ಪಕ್ಕದಿಂದ ನೋಡಿ. ಎತ್ತರದ ಹಣೆ ನೋಡಿ ಮಿದುಳು ಅಲ್ಲೇ ಇದೆ ಅಂದುಕೊಳ್ಳುತ್ತೇವೆ. ಅದಿರುವುದು ಹಿಂದೆ, ಕೆಳಗೆ. ಗಾತ್ರ ಹೆಚ್ಚೆಂದರೆ ಒಂದು ಮುಷ್ಟಿ. ಹಣೆಗೆ ಹೊಡೆದ ಗುಂಡು ಇಳಿಜಾರಿನಲ್ಲಿ ಜಾರಿಹೋಗಬಹುದು. ಇಲ್ಲಿ ಹೆಚ್ಚಿನವರು ಗಟ್ಟಿ ಸೀಸದ ಗುಂಡು ಹಾಕುತ್ತಾರೆ. ಕವಚವಿಲ್ಲದ ಸೀಸ ಬೇಡ ಅಂತ ನನ್ನ ಪಿಸ್ತೂಲಿನ ಕೈಪಿಡಿ ಹೇಳುತ್ತದೆ, ಹಾಗಾಗಿ ನಾನು ಅರಳದ ಇಡೀ ತಾಮ್ರದ ಗುಂಡು ಹಾಕುತ್ತೇನೆ. ಒಂದೊಂದಕ್ಕೆ ಡಾಲರಿಗಿಂತ ಜಾಸ್ತಿ. ಆದರೂ ಮೊದಲು ನೂರು ಹಾರಿಸಿ, ಒಂದೂ ಸಿಕ್ಕಿಕೊಳ್ಳದ್ದು ಖಾತ್ರಿಯಾದ ಮೇಲೇ ಕಾಡಿಗೆ ಒಯ್ದೆ.

ಪಿಸ್ತೂಲು ಇಡುವ ಚೀಲ, ಹೋಲ್‌ಸ್ಟರ್, ಎದೆಯ ಮೇಲೆ. ಸೊಂಟದಲ್ಲಿದ್ದರೆ ಬ್ಯಾಗಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ, ನದಿಗಿಳಿದರೆ ನೀರಿಗೆ ಮುಳುಗುತ್ತದೆ.

ಸ್ಪ್ರೇ ಬಿಟ್ಟಿಲ್ಲ. ಅಲಾಸ್ಕಾದ ಘಟನೆಗಳನ್ನು ಕಲೆಹಾಕಿದ ಎರಡು ಅಧ್ಯಯನಗಳಿವೆ. 2008ರದ್ದರಲ್ಲಿ ಕಂದು ಕರಡಿಯ ಮೇಲೆ ಸ್ಪ್ರೇ ಕೆಲಸ ಮಾಡಿದ್ದು ಶೇ. 92. 2012ರದ್ದರಲ್ಲಿ ಕೈಬಂದೂಕು ಶೇ. 84, ಉದ್ದ ಬಂದೂಕು ಶೇ. 76. ಎರಡರಲ್ಲೂ ಸಂದರ್ಭಗಳು ಬೇರೆ, ಹಾಗಾಗಿ ಸುಮ್ನೆ ಪಕ್ಕಪಕ್ಕ ಇಟ್ಟು ತೂಗಬಾರದು. ಎದುರುಗಾಳಿಯಲ್ಲಿ ಸ್ಪ್ರೇ ನಮ್ಮ ಕಣ್ಣಿಗೇ ಬರುತ್ತದೆ, ಅದೂ ನಿಜ. ಇನ್ನೊಂದು ವಿಷಯ, ಪ್ರಾಣ ಉಳಿಸಿಕೊಳ್ಳಲು ಕರಡಿ ಕೊಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ತೆಗೆದು ಸರ್ಕಾರಕ್ಕೆ ಒಪ್ಪಿಸಬೇಕು, ವರದಿ ಬರೆಯಬೇಕು. 300 ಕೆ.ಜಿ.ಯ ಪ್ರಾಣಿಯನ್ನು ಸುಲಿಯುವುದು ನನಗಂತೂ ಬಾರದು.

ಹೋದ ಜುಲೈನಲ್ಲಿ ಕೀನಾಯ್ ಕಡೆಯ ರಷ್ಯನ್ ನದಿಯ ತಿರುವಿನಲ್ಲಿ ತಾಯಿ ಕರಡಿಯೊಂದು ಎರಡು ಮರಿಗಳ ಜೊತೆ ಪೊದೆಯಿಂದ ಹೊರಬಂತು. ಇಪ್ಪತ್ತು ಮೀಟರ್ ಇರಬಹುದು. ಮೆಲ್ಲಗೆ ಮಾತಾಡುತ್ತಾ ಹಿಂದೆ ಹಿಂದೆ ಸರಿದೆ. ಅದು ಒಮ್ಮೆ ಮೂಗೆತ್ತಿ ಮೂಸಿತು, ಆಮೇಲೆ ಮರಿಗಳನ್ನು ಕರೆದುಕೊಂಡು ನೀರಿಗಿಳಿಯಿತು. ಕೈ ನೋಡಿಕೊಂಡರೆ ಸ್ಪ್ರೇ ಡಬ್ಬಿಯ ಕ್ಲಿಪ್ ಕಳಚಿ ಹಿಡಿದಿದ್ದೆ. ಎದೆಯ ಮೇಲಿನ ಪಿಸ್ತೂಲಿನ ಪಟ್ಟಿ ಇನ್ನೂ ಬಿಗಿದೇ ಇತ್ತು.