ಕಾರವಾರದಿಂದ ಕೊಚ್ಚಿಗೆ ಹಾಯಿದೋಣಿ: ರಾತ್ರಿಯ ಲೆಕ್ಕ ಹಗಲಲ್ಲೇ ಆಗಲಿ

ಜನವರಿ, ಫೆಬ್ರುವರಿ ನಮ್ಮ ಪಡುಗಡಲು ಹಾಯಿದೋಣಿಗೆ ಒಲಿಯುವ ತಿಂಗಳುಗಳು. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ, ನಡುರಾತ್ರಿ ಕಳೆದರೆ ನೆಲದ ಕಡೆಯಿಂದ ಮೂಡುಗಾಳಿ. ದಕ್ಷಿಣಕ್ಕೆ ಹೊರಟವರಿಗೆ ಎರಡೂ ಅನುಕೂಲ.

ಮೊದಲು ತಲುಪುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಕಾರವಾರದಿಂದ ಮಂಗಳೂರಿಗೆ ಸುಮಾರು 120 ನಾಟಿಕಲ್ ಮೈಲು (ಕಡಲ ಮೈಲು, ಒಂದಕ್ಕೆ ಸುಮಾರು 1.85 ಕಿ.ಮೀ.). ಗಂಟೆಗೆ 5 ಮೈಲಿನಂತೆ 24 ಗಂಟೆ. ಬೆಳಿಗ್ಗೆ 9ಕ್ಕೆ ಲಂಗರು ಎತ್ತಿದರೆ ಮರುದಿನ ಬೆಳಿಗ್ಗೆ 9ಕ್ಕೆ ಮಂಗಳೂರು. ಬೇಗ ಬಂದುಬಿಟ್ಟರೆ ಹಾಯಿ ಇಳಿಸಿ ಹೊರಗೇ ಕಾಯಿರಿ. ಹಳೆ ಬಂದರಿನ ಅಳಿವೆಯಲ್ಲಿ ಮರಳದಿಬ್ಬಗಳಿವೆ. ಕತ್ತಲಲ್ಲಿ ಅಲ್ಲಿಗೆ ನುಗ್ಗುವುದು ಧೈರ್ಯವಲ್ಲ. ಬೆಳಕಿರುವಾಗ, ನೀರು ಏರುತ್ತಿರುವಾಗ ಒಳಗೆ ಬನ್ನಿ.

ಹೊರಡುವ ಮುನ್ನ ಹವಾಮಾನ ಮುನ್ಸೂಚನೆ ನೋಡಿ, ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಿ. ಕಾರವಾರದ ನೌಕಾನೆಲೆಯಿಂದ ದೂರ ಸರಿದೇ ಸಾಗಿ. ಕೋಸ್ಟ್ ಗಾರ್ಡ್ ಸಂಖ್ಯೆ 1554 ಎಲ್ಲರಿಗೂ ಬಾಯಿಪಾಠವಾಗಿರಲಿ. ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ.

ಕತ್ತಲಾಗುವ ಮೊದಲೇ ಬಿಸಿ ಗಂಜಿ ಉಂಡು, ದೊಡ್ಡ ಹಾಯಿಯನ್ನು ಒಂದು ಮಡಿಕೆ ಕುಗ್ಗಿಸಿ ಕಟ್ಟಿ. ಮೂವರಿದ್ದರೆ ಮೂರು ಮೂರು ಗಂಟೆಯ ಪಾಳಿ ಸಾಕು. ಮೇಲೆ ಬರುವವರು ಲೈಫ್ ಜಾಕೆಟ್ ತೊಟ್ಟು, ಸೊಂಟದ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಬರಬೇಕು. ಈ ಒಂದು ಮಾತಿನಲ್ಲಿ ರಾಜಿ ಬೇಡ. ಮಲ್ಪೆಯ ಎದುರು ಮೀನುಗಾರಿಕೆ ದೋಣಿಗಳ ದೀಪಗಳು ಊರಿನಂತೆ ಹೊಳೆಯುತ್ತವೆ. ದೋಣಿಯನ್ನು ನೇರ ನಡೆಸುತ್ತ, ಕುಳಿತ ಜಾಗ ಬಿಡದೆ, ಒಂದು ದೀಪವನ್ನು ದೋಣಿಯ ಅಂಚಿನ ಕಂಬಿಗೆ ಹೊಂದಿಸಿ ನೋಡಿ. ಅದು ಕಂಬಿಯಿಂದ ಕದಲದೆ ದೊಡ್ಡದಾಗುತ್ತಿದ್ದರೆ ಡಿಕ್ಕಿಯ ದಾರಿಯಲ್ಲಿದ್ದೀರಿ, ಈಗಲೇ ದಿಕ್ಕು ಬದಲಿಸಿ. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಆ ದೋಣಿ ನಿಮ್ಮತ್ತಲೇ ಮುಖ ಮಾಡಿದೆ. ಬಲೆ ಪ್ರೊಪೆಲ್ಲರ್‌ಗೆ ಸುತ್ತಿದರೆ ತಕ್ಷಣ ಇಂಜಿನ್ ನಿಲ್ಲಿಸಿ. ಗಾಳಿ ಸಾಕಷ್ಟಿದ್ದರೆ ಬೆಳಗಿನ ಜಾವದ ಹೊತ್ತಿಗೆ 1901ರ ಕಾಪು ದೀಪಸ್ತಂಭ ಎಡಗಡೆ ಸಿಗುತ್ತದೆ. ಅದನ್ನು ಕಂಡ ಗಳಿಗೆಯ ನೆಮ್ಮದಿ ಬೇರೆಯೇ.

ಮಂಗಳೂರಿನಲ್ಲಿ ಡೀಸೆಲ್. ಕಡಲಗಾಳಿ ನಿಂತು ಮೂಡುಗಾಳಿ ಏಳುವ ನಡುವೆ ಸಮುದ್ರ ಕನ್ನಡಿಯಾಗುತ್ತದೆ, ಆಗ ಇಂಜಿನ್ನೇ ಗತಿ. 35 ಅಡಿಯ ದೋಣಿಯ ಇಂಜಿನ್ ಗಂಟೆಗೆ 2ರಿಂದ 3 ಲೀಟರ್ ಕುಡಿಯುತ್ತದೆ. ಮುಂದಿನ ಹಾದಿಗೆ ಬೇಕಾಗುವಷ್ಟನ್ನು ಲೆಕ್ಕ ಹಾಕಿ, ಅದರ ಮೂರನೇ ಒಂದು ಪಾಲನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಕ್ಯಾನಿನಲ್ಲಿ ತಂದ ಡೀಸೆಲನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಕ್ಯಾನಿನ ತಳದಿಂದ ಒಂದಿಷ್ಟನ್ನು ಪಾರದರ್ಶಕ ಬಾಟಲಿಗೆ ತೆಗೆದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ. ಸ್ವಚ್ಛವಿದ್ದರೆ ಜರಡಿಯಿರುವ ಆಲಿಕೆಯಲ್ಲಿ ಸೋಸಿ ತುಂಬಿ.

ಮಂಗಳೂರಿನಿಂದ ಕೊಚ್ಚಿಗೆ ಸುಮಾರು 195 ಮೈಲು, 39 ಗಂಟೆ, ಎರಡು ರಾತ್ರಿ. ಸಂಜೆ 4ಕ್ಕೆ ಹೊರಟರೆ ಮೂರನೇ ದಿನ ಬೆಳಿಗ್ಗೆ 7ಕ್ಕೆ ಅಳಿವೆ. ಅಲ್ಲಿ ದೊಡ್ಡ ಹಡಗುಗಳಿಗೆ ದಾರಿ ಬಿಟ್ಟು ಅಂಚಿನಲ್ಲೇ ಸಾಗಿ. ಬಲಗಡೆ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು ದಾಟಿದ ಮೇಲೆ ಬೋಲ್ಗಾಟ್ಟಿ ದ್ವೀಪದ ಮರೀನಾಕ್ಕೆ ಹಗ್ಗ ಸಿದ್ಧ ಮಾಡಿಕೊಳ್ಳಿ.